ಸ್ಮರಣಾರ್ಥ: ನಮ್ಮ ಮನೆತನದ ಮರಣ ದಾಖಲೆ ಎಲ್ಲಿಯವರೆಗೆ ಬಂತು

ಬೀಳಗಿ ತಾಲ್ಲೂಕಿನ ಕೃಷ್ಣಾ ದಂಡೆಯ ನಮ್ಮ ಮನೆತನದಲ್ಲಿ ತೀರಿಕೊಂಡವರ ಬಗ್ಗೆ ಯಾರು ಎಲ್ಲಿ ಏನು ಬರೆದಿಟ್ಟಿದ್ದರೂ ಅದನ್ನು ಒಂದೆಡೆ ಕೂಡಿಸಬೇಕೆಂದು ಕಳೆದ ದೀಪಾವಳಿಯಿಂದ ಹಚ್ಚಿಕೊಂಡ ಕೆಲಸವಿದು. ಪತ್ರಿಕೆಯ ನಿಧನ ವಾರ್ತೆ, ಶಿವಗಣಾರಾಧನೆಯ ಕಾರ್ಡು, ಪುಣ್ಯಸ್ಮರಣೆಯ ಜಾಹೀರಾತು, ಗೋಡೆಯ ಫೋಟೊ ಕೆಳಗಿನ ಸಾಲು, ಸಮಾಧಿಯ ಕಲ್ಲು, ಬಸ್ ನಿಲ್ದಾಣದಲ್ಲಿ ಕಟ್ಟುವ ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸ್, ಎಲ್ಲವೂ ಇದರಲ್ಲಿ ಸೇರುತ್ತವೆ. ತಮ್ಮ ಊರಿನಲ್ಲಿ ಇಂಥದೇ ಕೆಲಸ ಹಿಡಿಯಬೇಕೆಂದಿರುವವರಿಗೆ ಉಪಯೋಗವಾಗಲೆಂದು ಈವರೆಗೆ ಆದದ್ದನ್ನು ಬರೆಯುತ್ತಿದ್ದೇನೆ. ಹೆಸರುಗಳು ಮನೆಯ ಪುಸ್ತಕದಲ್ಲಿವೆ. ಇಲ್ಲಿ ನಂಟು ಹೇಳಿದರೆ ಸಾಕು.

ಯುಗಾದಿಯವರೆಗೆ: ಕಾಗದಗಳು

ಮೊದಲು ಕೈಗೆ ಬಂದದ್ದು ಪತ್ರಿಕೆಯ ತುಣುಕುಗಳು. ದೊಡ್ಡಪ್ಪನ ಟ್ರಂಕಿನಲ್ಲಿ, ಕಾಕಾನ ಪಾಸ್‌ಬುಕ್ಕುಗಳ ನಡುವೆ, ದೇವರ ಜಗಲಿಯ ಪಂಚಾಂಗದೊಳಗೆ ಅವು ಮಡಚಿಕೊಂಡಿದ್ದವು. ಕತ್ತರಿಸುವಾಗ ಪತ್ರಿಕೆಯ ಹೆಸರನ್ನಾಗಲಿ ತಾರೀಖನ್ನಾಗಲಿ ಯಾರೂ ಉಳಿಸಿರಲಿಲ್ಲ. ತುಣುಕಿನ ಬೆನ್ನು ನೋಡಿದರೆ ಅಲ್ಲೇ ಅರ್ಧ ಉತ್ತರ ಇರುತ್ತದೆ: ಪೇಟೆ ಧಾರಣೆ, ಸಿನಿಮಾ ಜಾಹೀರಾತು, ಚುನಾವಣೆಯ ಸುದ್ದಿ. ಆದ್ದರಿಂದ ಎರಡೂ ಬದಿಯನ್ನು ಸ್ಕ್ಯಾನ್ ಮಾಡುತ್ತಿದ್ದೇನೆ. ಸುದ್ದಿ ಕಾಗದ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಅದಕ್ಕೆ ಸೆಲ್ಲೋ ಟೇಪು ಹಚ್ಚುವುದಾಗಲಿ ಲ್ಯಾಮಿನೇಷನ್ ಮಾಡಿಸುವುದಾಗಲಿ ಬೇಡ. ಟೇಪಿನ ಅಂಟು ಕಾಗದವನ್ನು ತಿನ್ನುತ್ತದೆ, ಲ್ಯಾಮಿನೇಷನ್ ಮಾಡಿದ್ದನ್ನು ಮುಂದೆ ಬಿಡಿಸಲಾಗುವುದಿಲ್ಲ.

ಬಹುತೇಕ ತುಣುಕುಗಳ ಕೊನೆ ಒಂದೇ: ‘ಮೃತರಿಗೆ ಪತ್ನಿ, ಇಬ್ಬರು ಪುತ್ರರು, ಮೂವರು ಪುತ್ರಿಯರು ಹಾಗೂ ಅಪಾರ ಬಂಧು ಬಳಗ ಇದ್ದಾರೆ.’ ಪತ್ನಿ ಯಾವ ಊರಿನ ಮಗಳು? ಮೂವರು ಪುತ್ರಿಯರನ್ನು ಯಾವ ಊರುಗಳಿಗೆ ಕೊಟ್ಟಿದ್ದರು? ಸಾಲು ಮುಗಿದುಹೋಗುತ್ತದೆ. ಗಂಡಸರ ಹೆಸರು ಆಸ್ತಿಪತ್ರದಲ್ಲೋ ಪಡಿತರ ಚೀಟಿಯಲ್ಲೋ ಇನ್ನೆಲ್ಲೋ ಮತ್ತೆ ಸಿಗುತ್ತದೆ. ಹೆಂಗಸರದು ಹಾಗಲ್ಲ. ಈ ಕೆಲಸದಲ್ಲಿ ಮೊದಲು ಹುಡುಕಬೇಕಾದದ್ದು ಮನೆಯ ಹೆಣ್ಣುಮಕ್ಕಳನ್ನು ಮತ್ತು ಅವರ ತವರನ್ನು ಎಂದು ಆಗಲೇ ನಿರ್ಧರಿಸಿದೆ. ಅಲ್ಲಿಂದ ಕೆಲಸದ ಕ್ರಮವೇ ಬದಲಾಯಿತು. ಪ್ರತಿ ತುಣುಕಿನ ಎದುರು ಒಂದು ಹಾಳೆ, ಹಾಳೆಯಲ್ಲಿ ಎಣಿಕೆಯಾಗಿ ಮಾತ್ರ ಉಳಿದವರಿಗೆ ಒಂದೊಂದು ಖಾಲಿ ಗೆರೆ.

ಗೆರೆ ತುಂಬಲು ವಾರಸಾ ಕಾಗದಗಳು ಒಂದಿಷ್ಟು ನೆರವಾದವು. ಹೊಲದ ಒಡೆಯ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಖಾತೆ ಬದಲಾಗುತ್ತದೆ. ದಕ್ಷಿಣದ ಜಿಲ್ಲೆಗಳವರು ಪೌತಿ ಖಾತೆ ಎನ್ನುವುದು ಇದನ್ನೇ. ಅದರಲ್ಲಿ ಮರಣದ ದಿನವೂ ಮಕ್ಕಳ ಹೆಸರೂ ಇರುತ್ತವೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಿಂತ ಹಿಂದಿನ ನಮ್ಮ ಕಾಗದಗಳಲ್ಲಿ ಗಂಡುಮಕ್ಕಳಷ್ಟೇ ಇದ್ದಾರೆ. 2005ರ ತಿದ್ದುಪಡಿಯ ನಂತರದವುಗಳಲ್ಲಿ ಅತ್ತೆಯಂದಿರೆಲ್ಲ ಗಂಡನ ಊರಿನ ವಿಳಾಸ ಸಮೇತ ಕಾಣಿಸುತ್ತಾರೆ, ಹಲವರು ಹಕ್ಕು ಬಿಟ್ಟುಕೊಟ್ಟ ಸಹಿಯ ಜೊತೆಗೆ. ಆ ಸಹಿಗಳನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. ಆದರೂ ಅವರ ಕೈಬರಹ ಉಳಿದಿರುವ ಏಕೈಕ ಜಾಗ ಅದು. ಇನ್ನೂ ಹಳೆಯ ಕಾಗದ ಓದುವುದು ಕಷ್ಟ. 1956ರವರೆಗೆ ನಮ್ಮ ಸೀಮೆ ಮುಂಬೈ ಆಡಳಿತದಲ್ಲಿತ್ತು, ಕೆಲವು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಓಡುಬರಹದಲ್ಲಿ, ಇವೆ. ಮೋಡಿ ಬಲ್ಲವರು ಸಿಗುವವರೆಗೆ ಅವನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ.

ಸುಗ್ಗಿಯ ಕೊನೆ: ಹೆಳವರು ಬಂದರು

ಬಿಳಿಜೋಳದ ರಾಶಿ ಮುಗಿದ ಮೇಲೆ ಹೆಳವರು ಬಂದರು. ಗಂಟೆ ಬಾರಿಸುತ್ತಾ, ಎತ್ತಿನ ಮೇಲೆ ಕುಳಿತು ಬಂದು ಒಕ್ಕಲು ಮನೆಗಳ ವಂಶಾವಳಿ ಹೇಳುವುದು ಅವರ ಪರಂಪರೆ. ನಮ್ಮ ಮನೆಯ ಹೆಳವರು ಈಗ ವಹಿಯನ್ನೂ ಇಟ್ಟಿದ್ದಾರೆ. ಮೂಲ ಊರು, ಬೆಡಗು (ಕುಲದ ಕವಲು), ಯಾವ ಬರದಲ್ಲಿ ಯಾರು ಊರು ಬಿಟ್ಟರು, ಯಾರು ಯಾವ ದಂಡೆಗೆ ಬಂದು ನಿಂತರು ಎಂಬುದನ್ನು ಉಸಿರು ಬಿಡದೆ ಹೇಳಿದರು. ಅನುಮತಿ ಕೇಳಿ ಎಲ್ಲವನ್ನೂ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆ. ಧಾತು ಈಶ್ವರ ಬರದಲ್ಲಿ ಕಳೆದುಹೋದ ಒಂದು ಕವಲಿನ ಸುದ್ದಿ ಅವರಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಧಾತು ಸಂವತ್ಸರ 1876ರಲ್ಲಿ, ಈಶ್ವರ 1877ರಲ್ಲಿ ಶುರುವಾದವು. ನಮ್ಮ ಜಿಲ್ಲೆಗೆ ಆಗ ಕಲಾದಗಿಯೇ ಮುಖ್ಯ ಸ್ಥಳ.

ಅವರ ಹೇಳಿಕೆಯೂ ಗಂಡುಮಕ್ಕಳ ಸರಪಳಿಯೇ. ಗಂಡು ಸಂತಾನವಿಲ್ಲದವರಲ್ಲಿ ಕವಲು ನಿಂತುಹೋಗುತ್ತದೆ. ಹೆಣ್ಣುಮಕ್ಕಳ ಹೆಸರನ್ನೂ ಬರೆದುಕೊಳ್ಳುವಿರಾ ಎಂದು ಹಿರಿಯ ಹೆಳವರನ್ನು ಕೇಳಿದೆ. ಕೊಟ್ಟರೆ ಬರೆಯುತ್ತೇವೆ, ಮುಂದಿನ ಸಲ ಹಾಡುತ್ತೇವೆ ಎಂದರು. ಈ ವರ್ಷದಲ್ಲಿ ನನಗೆ ಬಹಳ ಹಿತವೆನಿಸಿದ ಮಾತು ಅದು. ಪಟ್ಟಿ ತಯಾರಿಸುತ್ತಿದ್ದೇನೆ.

ಬೇಸಿಗೆ: ಹಿನ್ನೀರು ಇಳಿದಾಗ

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನೀರು ನಮ್ಮ ಹಳೆಯ ಊರಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಈಗಿನ ಮನೆ ಪುನರ್ವಸತಿ ಕೇಂದ್ರದಲ್ಲಿದೆ. ಹಿರಿಯರನ್ನು ಹೂಳಿದ ಹೊಲ ನೀರಿನಡಿ ಇದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ಹೊಲದ ಮೇಲಿನ ಅಂಚು ಹೊರಬೀಳುತ್ತದೆ. ಕಾಕಾನನ್ನು ಕರೆದುಕೊಂಡು ಹೋದೆ. ಬದುವಿನ ಗುರುತೇ ಉಳಿದಿರಲಿಲ್ಲ, ಆದರೆ ಕಾಕಾ ದೂರದ ಗುಡ್ಡದ ನೆತ್ತಿಯನ್ನೂ ಹಳೆಯ ಗುಡಿಯ ಕಟ್ಟೆಯನ್ನೂ ನೋಡಿ ನಿಂತ ಜಾಗ ಹೇಳಿದರು. ಹೆಸರು ಕೆತ್ತಿದ ಕಲ್ಲುಗಳು ಕೆಲವೇ. ಉಳಿದವು ಬರಿಯ ಗುರುತಿನ ಕಲ್ಲುಗಳು.

ಕಲ್ಲಿನ ಅಕ್ಷರ ಓದಲು ಸುಣ್ಣ, ಬಣ್ಣ, ಆಮ್ಲ ಯಾವುದೂ ಬೇಡ. ಮುಂಜಾನೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆದರೆ ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ. ನಡುಹಗಲಾದರೆ ಒಂದು ಕನ್ನಡಿಯಿಂದ ಬೆಳಕನ್ನು ಬದಿಯಿಂದ ಹಾಯಿಸಬಹುದು. ಪ್ರತಿ ಕಲ್ಲಿನ ಅಕ್ಷಾಂಶ, ರೇಖಾಂಶವನ್ನು ಮೊಬೈಲಿನಲ್ಲೇ ಗುರುತಿಸಿಕೊಂಡಿದ್ದೇನೆ. ಕಲ್ಲುಗಳನ್ನು ಎತ್ತಿ ಹೊಸ ಊರಿಗೆ ತರೋಣವೆಂದು ತಮ್ಮಂದಿರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೆಸರನ್ನು ಹೊಸ ಊರಿನಲ್ಲಿ ಬರೆದು ನಿಲ್ಲಿಸೋಣ, ಅವರು ಮಲಗಿದಲ್ಲಿನ ಕಲ್ಲು ಅಲ್ಲಿಯೇ ಇರಲಿ.

ಪಂಚಮಿಗೆ ಮುನ್ನ: ಪಾತ್ರೆಗಳು

ನಾಗರ ಪಂಚಮಿಗೆ ಮುನ್ನ ಮನೆ ತೊಳೆದು, ಅಟ್ಟದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ. ಈ ಸಲ ತಿಕ್ಕುವ ಮೊದಲೇ ಒಂದೊಂದನ್ನೂ ಓದೋಣವೆಂದು ದೊಡ್ಡವ್ವನನ್ನು ಕೇಳಿಕೊಂಡೆ. ಎಲ್ಲ ಕಾಗದಗಳಲ್ಲೂ ಸಿಗದಿದ್ದ ಹೆಂಗಸರು ಅಡುಗೆಮನೆಯಲ್ಲಿ ಸಾಲಾಗಿ ಸಿಕ್ಕರು.

ಕೊಡ, ಪರಾತ, ತಂಬಿಗೆ, ಹಂಡೆ, ಊಟದ ತಾಟು. ಹಳೆಯ ಹಿತ್ತಾಳೆಯ ಮೇಲೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರಗಳು, ಸ್ಟೀಲಿನ ಮೇಲೆ ಯಂತ್ರದಿಂದ ಗೀಚಿದ ಓಡುಬರಹ. ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು, ತಾರೀಖು ಇರುತ್ತವೆ. ತೀರಿಕೊಂಡವರ ನೆನಪಿಗೆ ಹಂಚಿದ ಪಾತ್ರೆಯ ಮೇಲೆ ‘ಇವರ ಸ್ಮರಣಾರ್ಥ’ ಎಂದಿರುತ್ತದೆ. ಎರಡನೆಯ ಬಗೆಯದು ನಮ್ಮ ಮನೆಯಲ್ಲಿರುವುದು ನೆಂಟರ ಮನೆಯ ಸಾವುಗಳ ದಾಖಲೆ. ನಮ್ಮ ಮನೆಯವರ ದಾಖಲೆ ನೆಂಟರ ಅಡುಗೆಮನೆಗಳಲ್ಲಿದೆ. ಹಾಗಾಗಿ ಈಗ ಯಾರ ಮನೆಗೆ ಹೋದರೂ ತಾಟು, ಚರಿಗೆಗಳನ್ನು ತೋರಿಸಿರೆಂದು ಕೇಳುತ್ತೇನೆ. ಯಾರೂ ಬೇಸರಪಟ್ಟಿಲ್ಲ. ಊರ ಗುಡಿಯ ಫ್ಯಾನಿನ ರೆಕ್ಕೆ, ಗಡಿಯಾರ, ಕಲ್ಲಿನ ಬೆಂಚುಗಳ ಮೇಲೂ ಇಂಥದೇ ಸಾಲುಗಳಿವೆ. ಅವನ್ನೂ ಬರೆದುಕೊಂಡೆ.

ಅಕ್ಷರ ಸವೆದಿದ್ದರೆ ಒಣಗಿದ ಜೋಳದ ಹಿಟ್ಟನ್ನು ಮೇಲೆ ಸವರಿ, ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಗೀರುಗಳಲ್ಲಿ ಬಿಳುಪು ಉಳಿದು ಹೆಸರು ಕಾಣುತ್ತದೆ. ಆಮೇಲೆ ತೊಳೆದರೆ ಆಯಿತು. ಹಳೆಯ ಪಾತ್ರೆ ಹಾಕಿ ಹೊಸದು ಕೊಳ್ಳುವ ಮನೆಗಳವರು ದಯವಿಟ್ಟು ಮೊದಲು ಫೋಟೊ ತೆಗೆದಿಡಿ. ಕರಗಿದ ಹಿತ್ತಾಳೆಯ ಜೊತೆಗೆ ಹೆಸರೂ ಹೋಗುತ್ತದೆ.

ಒಂದು ಕೊಡದ ಕಂಠದ ಮೇಲೆ ನಮ್ಮಲ್ಲಿ ಯಾರೂ ಕೇಳಿರದ ಹೆಣ್ಣಿನ ಹೆಸರಿತ್ತು, ಜೊತೆಗೆ ಜಮಖಂಡಿ ಕಡೆಯ ಒಂದು ಊರಿನ ಹೆಸರು. ದೊಡ್ಡವ್ವ ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದು, ಮುತ್ಯಾನಿಗೆ (ಅಜ್ಜನಿಗೆ) ಮೊದಲೊಬ್ಬ ಹೆಂಡತಿ ಇದ್ದಳು, ಚೊಚ್ಚಲ ಹೆರಿಗೆಯಲ್ಲಿ ಹೋದಳು ಎಂದು ತಾನು ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದ್ದಾಗಿ ಹೇಳಿದರು. ಹೆಳವರ ವಹಿಯಲ್ಲಿ ಆಕೆ ಇಲ್ಲ, ವಾರಸಾದಲ್ಲಿ ಇಲ್ಲ, ಫೋಟೊ ಇಲ್ಲ. ಆ ಕೊಡದಿಂದ ಇಷ್ಟು ವರ್ಷ ನಾವೆಲ್ಲ ನೀರು ಕುಡಿದಿದ್ದೇವೆ. ಮನೆಯ ಪುಸ್ತಕದಲ್ಲಿ ಮುತ್ಯಾನ ಹೆಸರಿನ ಪಕ್ಕದಲ್ಲಿ, ಆಯಿಯ (ಅಜ್ಜಿಯ) ಹೆಸರಿಗಿಂತ ಮೊದಲು, ಆಕೆಯ ಹೆಸರನ್ನು ಅಂದೇ ಬರೆದೆ.

ಶೀಗಿ ಹುಣ್ಣಿಮೆಯ ಲೆಕ್ಕ

ಹಳ್ಳಿಯಲ್ಲಿ ಸಾವಿನ ದಿನ ನೆನಪಿರುತ್ತದೆ, ವರ್ಷ ಮರೆತುಹೋಗಿರುತ್ತದೆ. ಕಾರ ಹುಣ್ಣಿಮೆಯ ಹಿಂದಿನ ದಿನ, ಎಳ್ಳ ಅಮಾವಾಸ್ಯೆಯ ರಾತ್ರಿ, ಬನದ ಹುಣ್ಣಿಮೆ ಜಾತ್ರೆಯ ವಾರ ಎಂದು ಹೇಳುತ್ತಾರೆ. ಇದು ಅಸ್ಪಷ್ಟವಲ್ಲ, ಬಹಳ ಖಚಿತವಾದ ಸಾಕ್ಷ್ಯ. ಇದಕ್ಕೆ ವಾರ ಸೇರಿದರೆ ತಾರೀಖಿನವರೆಗೆ ಹೋಗಬಹುದು, ಏಕೆಂದರೆ ಒಂದೇ ತಿಥಿ ವರ್ಷ ವರ್ಷ ಬೇರೆ ಬೇರೆ ವಾರಕ್ಕೆ ಬೀಳುತ್ತದೆ.

ಮುತ್ಯಾನ ಅಕ್ಕ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮ ಮನೆಯಲ್ಲೇ ಉಳಿದವರು. ಅವರು ಹೋದದ್ದು ಶೀಗಿ ಹುಣ್ಣಿಮೆಯ (ಆಶ್ವಯುಜ ಮಾಸದ ಹುಣ್ಣಿಮೆಯ) ಮರುದಿನ, ಸೋಮವಾರ, ಬರಗಾಲದ ಕಾಮಗಾರಿಯಲ್ಲಿ ಊರವರೆಲ್ಲ ಕಲ್ಲು ಒಡೆಯುತ್ತಿದ್ದ ಹೊತ್ತು ಎಂದು ಕಾಕಾ ಮತ್ತು ಸಣ್ಣ ಅತ್ತೆ ಬೇರೆ ಬೇರೆಯಾಗಿ ಹೇಳಿದರು. ಹಳೆಯ ಪಂಚಾಂಗ ತೆಗೆದು ನೋಡಿದೆ. 1971ರಲ್ಲಿ ಶೀಗಿ ಹುಣ್ಣಿಮೆಯ ಮರುದಿನ ಮಂಗಳವಾರ. 1973ರಲ್ಲಿ ಅದು ಶನಿವಾರ. 1972ರಲ್ಲಿ ಹುಣ್ಣಿಮೆ ಅಕ್ಟೋಬರ್ 22, ಭಾನುವಾರ. ಹಾಗಾದರೆ ಅಕ್ಟೋಬರ್ 23, ಸೋಮವಾರ, ಪರಿಧಾವಿ ಸಂವತ್ಸರ. ಇಬ್ಬರ ನೆನಪೂ ಪಂಚಾಂಗವೂ ಒಂದೇ ದಿನದ ಮೇಲೆ ಬಂದು ಕೂಡಿದಾಗ ನನಗಾದ ಸಂತೋಷ ಹೇಳತೀರದು. ಜನನ ಮರಣ ನೋಂದಣಿಗೆ 1969ರ ಕಾಯ್ದೆ ಆಗಲೇ ಇತ್ತು, ಸಾವನ್ನು ತಿಳಿಸಬೇಕೆಂಬ ನಿಯಮವೂ ಇತ್ತು. ಆದರೆ ಹೆಸರಿನಲ್ಲಿ ಹೊಲವಿಲ್ಲದ ಹೆಂಗಸಿನ ಸಾವನ್ನು ನೋಂದಾಯಿಸಲು ಆ ಬರದಲ್ಲಿ ಯಾರೂ ಹೋಗಿಲ್ಲ.

ಅವರಿಗಾಗಿ ಬರೆದ, ತಡವಾದ ಮೊದಲ ನಿಧನ ವಾರ್ತೆ ಇದು. ಪತ್ರಿಕೆಯ ರೂಪವನ್ನೇ ಇಟ್ಟುಕೊಂಡಿದ್ದೇನೆ, ಎಣಿಕೆಯ ಜಾಗದಲ್ಲಿ ಬದುಕನ್ನು ಬರೆದಿದ್ದೇನೆ:

‘ಕೃಷಿಕ ಮಹಿಳೆ ಶ್ರೀಮತಿ … ಅವರು ಪರಿಧಾವಿ ಸಂವತ್ಸರದ ಶೀಗಿ ಹುಣ್ಣಿಮೆಯ ಮರುದಿನ, 1972ರ ಅಕ್ಟೋಬರ್ 23, ಸೋಮವಾರ, ತವರು ಮನೆಯಲ್ಲಿ ಶಿವಾಧೀನರಾದರು. ಮನೆಯ ಎಮ್ಮೆ, ಆಕಳುಗಳ ಹೈನು, ಬಿತ್ತನೆಯ ಬೀಜದ ಕಾಪು ಅವರದಾಗಿತ್ತು. ಊರಿನ ಮತ್ತು ಪಕ್ಕದ ಊರಿನ ಬಾಣಂತಿಯರಿಗೆ ಎರೆಯಲು ಅವರನ್ನೇ ಕರೆಯುತ್ತಿದ್ದರು. ಬೀಸುವಾಗ ಅವರು ಹಾಡುತ್ತಿದ್ದ ಪದಗಳು ಇಬ್ಬರು ಸೊಸೆಯರಿಗೆ ಬಾಯಿಪಾಠವಾಗಿವೆ. ಸ್ವಂತ ಮಕ್ಕಳಿರಲಿಲ್ಲ. ತಮ್ಮನ ಮಕ್ಕಳನ್ನೆಲ್ಲ ಅವರೇ ಎತ್ತಿ ಬೆಳೆಸಿದರು. ಅಂತ್ಯಕ್ರಿಯೆ ಹಳೆಯ ಊರಿನ ಹೊಲದಲ್ಲಿ ನೆರವೇರಿತು.’

ಇದನ್ನು ಓದಿ ಕೇಳಿಸಿದಾಗ ಸಣ್ಣ ಅತ್ತೆ ಎರಡು ಕಡೆ ತಡೆದು ತಿದ್ದಿಸಿದರು: ಎಮ್ಮೆಗಳ ಜೊತೆ ಆಕಳನ್ನೂ ಬರೆ, ಬಾಣಂತಿಯರಿಗೆ ಎರೆಯಲು ಪಕ್ಕದ ಊರಿಗೂ ಹೋಗುತ್ತಿದ್ದಳು. ಎರಡೂ ಸೇರಿವೆ.

ಮುಂದೆ

ಸ್ಕ್ಯಾನ್‌ಗಳ ಪ್ರತಿ ಬಾಗಲಕೋಟೆಯ ತಮ್ಮನ ಮನೆಯಲ್ಲೊಂದು, ನನ್ನ ಬಳಿಯೊಂದು ಇದೆ. ಎರಡೇ ಸಾಲದು, ಪುಣೆಯಲ್ಲಿರುವ ತಂಗಿಗೂ ಕಳಿಸಬೇಕು. ಸೊಸೆಯರಿಬ್ಬರ ಬೀಸುವ ಪದಗಳನ್ನು ಮಹಾನವಮಿಯ ರಜೆಯಲ್ಲಿ ಧ್ವನಿಮುದ್ರಿಸುತ್ತೇನೆ. ಕೊಡದ ಮೇಲಿನ ಹೆಸರಿನ ತವರು ಹುಡುಕಿಕೊಂಡು ಜಮಖಂಡಿ ಕಡೆಗೆ ಹೋಗುವುದು ದೀಪಾವಳಿಗೆ ಮುನ್ನ ಆಗಬೇಕು. ಆ ಮನೆತನದವರು ಅಲ್ಲಿಯೇ ಇದ್ದಾರೆಂದು ಸಂತೆಯಲ್ಲಿ ಸಿಕ್ಕ ಒಬ್ಬರಿಂದ ಕಾಕಾನಿಗೆ ಸುದ್ದಿ ಬಂದಿದೆ. ದೊಡ್ಡವ್ವ ತಾವೂ ಬರುತ್ತೇನೆ, ಬರಿಗೈಯಲ್ಲಿ ಹೋಗುವುದು ಬೇಡ, ಉಡಿ ತುಂಬಲು ಖಣ, ಕೊಬ್ಬರಿ ತೆಗೆದುಕೊಂಡು ಹೋಗೋಣ ಎಂದಿದ್ದಾರೆ.