ಅಲುಗಾಡದೆ ಮಲಗಿದ್ದಾರೆ ಅಂದ್ರೆ ಆರಾಮಾಗಿದ್ದಾರೆ ಅಂತಲ್ಲ

ಯೋಗ ಟೀಚರ್‌ಗಳ ನೋಂದಣಿ ರಿನ್ಯೂವಲ್ ಹತ್ತಿರ ಬಂತೆಂದರೆ ನಮ್ಮ ಬೆಂಗಳೂರಿನ ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಸಿಇ ಅವರ್ಸ್, ಅಂದ್ರೆ ಮುಂದುವರಿದ ಕಲಿಕೆಯ ಗಂಟೆಗಳ ಮಾತು. ಟೀಚರ್‌ಗಳನ್ನು ನೋಂದಾಯಿಸುವ ಅಮೆರಿಕದ ಸಂಸ್ಥೆ ಯೋಗ ಅಲಯನ್ಸ್‌ಗೆ ಮೂರು ವರ್ಷಕ್ಕೊಮ್ಮೆ 45 ಗಂಟೆ ಕಲಿಸಿದ್ದು, 30 ಗಂಟೆ ಕಲಿತದ್ದು ತೋರಿಸಬೇಕು. ಆ 30 ಗಂಟೆಯನ್ನು ಕಡಿಮೆ ದುಡ್ಡಲ್ಲಿ ಹೇಗೆ ಮುಗಿಸೋದು ಅನ್ನೋದಷ್ಟೇ ಮ್ಯಾನೇಜ್‌ಮೆಂಟ್ ಲೆಕ್ಕ. ಹೋದ ಸಲದ ಟ್ರಾಮಾ-ಇನ್ಫಾರ್ಮ್ಡ್ ಮಾಡ್ಯೂಲ್, ಅಂದ್ರೆ ಆಘಾತ ಅನುಭವಿಸಿದವರಿಗೆ ಯೋಗ ಕಲಿಸೋ ಪಾಠ, ಪೂರ್ತಿ ರೆಕಾರ್ಡೆಡ್ ವಿಡಿಯೋ. ಕೊನೆಗೊಂದು ಕ್ವಿಜ್. ಎಲ್ಲರೂ ಪಾಸ್.

ಅದಾದ ಮೇಲೆ ನಮ್ಮ ಹೊಸ ಟೀಚರ್ ಒಬ್ಬರ ಕೈಗೆ, ಮನೆಯಲ್ಲಿ ಹೊಡೆತ ತಿಂದು ಆಶ್ರಯಕ್ಕೆ ಬಂದ ಹೆಂಗಸರ ಬ್ಯಾಚ್ ಕೊಟ್ಟರು. ನಾನು ಅಬ್ಸರ್ವರ್ ಆಗಿ ಹಿಂದೆ ಕೂತಿದ್ದೆ.

ಕ್ಲಾಸ್ ಚೆನ್ನಾಗಿಯೇ ನಡೆಯಿತು. ಮೆತ್ತಗೆ ಸೂಚನೆ ಕೊಟ್ಟರು, ಯಾರನ್ನೂ ಮುಟ್ಟಲಿಲ್ಲ. ಶವಾಸನಕ್ಕೆ ಬಂದಾಗ ರೂಢಿಯಂತೆ ಲೈಟ್ ಆರಿಸಿದರು. ಗೋಡೆ ಪಕ್ಕದ ಮ್ಯಾಟ್‌ನಲ್ಲಿದ್ದ ಒಬ್ಬರು ಒಂಚೂರೂ ಅಲುಗಾಡುತ್ತಿರಲಿಲ್ಲ. "ಎಷ್ಟು ರಿಲ್ಯಾಕ್ಸ್ ಆಗಿದ್ದಾರೆ ನೋಡಿ ಅಕ್ಕಾ," ಅಂತ ಟೀಚರ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಹೊದಿಕೆ ಹಾಕಲು ಅವರ ಕಡೆ ಹೊರಟೇಬಿಟ್ಟರು.

ನನ್ನ ಕಣ್ಣು ಆ ಹೆಂಗಸಿನ ಕಾಲಿನ ಮೇಲಿತ್ತು. ಬೆರಳುಗಳು ಒಳಕ್ಕೆ ಮಡಚಿಕೊಂಡು ಬಿಗಿಯಾಗಿದ್ದವು. ದವಡೆ ಕಚ್ಚಿ ಹಿಡಿದಿದ್ದರು. ಉಸಿರು ಗಂಟಲಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಕಣ್ಣು ತೆರೆದೇ ಇದ್ದವು, ಫ್ಯಾನ್ ಮೇಲೆ ನೆಟ್ಟಿದ್ದವು. ಅದು ಫ್ರೀಜ್, ಭಯಕ್ಕೆ ಮೈ ಮರಗಟ್ಟಿ ಹೋಗೋದು. ಆ ಹೊತ್ತಲ್ಲಿ ಕತ್ತಲೆಯಲ್ಲಿ ಯಾರೋ ಮೇಲೆ ಬಗ್ಗಿ ಹೊದಿಕೆ ಹಾಕಿದ್ದರೆ?

ಟೀಚರ್‌ಗೆ ಕೈಸನ್ನೆ ಮಾಡಿ ನಿಲ್ಲಿಸಿದೆ. ನಾನೂ ಹತ್ತಿರ ಹೋಗಲಿಲ್ಲ. ಆ ಒಬ್ಬರ ಕಡೆ ಎಲ್ಲರ ಗಮನ ಹೋಗಬಾರದಲ್ವಾ? ಕೂತಲ್ಲಿಂದಲೇ ಇಡೀ ಬ್ಯಾಚ್‌ಗೆ ಹೇಳಿದೆ: "ಈಗ ಲೈಟ್ ಹಾಕ್ತೀನಿ. ಮಲಗಲೇಬೇಕು ಅಂತೇನಿಲ್ಲ. ಎದ್ದು ಕೂತ್ಕೋಬಹುದು, ಗೋಡೆಗೆ ಒರಗಬಹುದು. ಬಾಗಿಲು ತೆರೆದೇ ಇದೆ, ಹೊರಗೂ ಹೋಗಬಹುದು." ಲೈಟ್ ಹಾಕಿದ ತಕ್ಷಣ ಬೇರೆ ಮೂರು ಜನ ಎದ್ದು ಕೂತರು! ಅವರಿಗೂ ಕತ್ತಲೆ ಬೇಡವಾಗಿತ್ತು, ಯಾರೂ ಕೇಳಿರಲಿಲ್ಲ ಅಷ್ಟೆ.

ಗೋಡೆ ಪಕ್ಕದವರು ಮಾತ್ರ ಹಾಗೇ ಇದ್ದರು. ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಮೊದಲು ಒಂದು ಕೈಬೆರಳು ಮ್ಯಾಟ್ ಮೇಲೆ ಉಜ್ಜಿತು. ಆಮೇಲೆ ಮಗ್ಗುಲಾದರು. ಗೋಡೆಗೆ ಒರಗಿ ಕೂತು ನೀರು ಕೇಳಿದರು. ಏನಾಯ್ತು ಅಂತ ನಾವು ಕೇಳಲಿಲ್ಲ, ಅದು ಅಲ್ಲಿನ ಕೌನ್ಸೆಲರ್ ಕೆಲಸ.

ಟೀಚರ್‌ನ ನಾನು ಬೈಯಲ್ಲ. ವಿಡಿಯೋದಲ್ಲಿ ಮಲಗಿದವರೆಲ್ಲ ನಿಜವಾಗಲೂ ಆರಾಮಾಗಿದ್ದವರು. ಅದನ್ನು ನೋಡಿ ಇದನ್ನು ಗುರುತಿಸೋದು ಹೇಗೆ?

ನಮ್ಮ ಬ್ರೋಷರ್‌ನಲ್ಲಿ 2014ರ ಅಮೆರಿಕದ ಅಧ್ಯಯನದ ಅಂಕಿ ಇದೆ: ಹತ್ತು ವಾರ ಯೋಗ ಮಾಡಿದ 31 ಹೆಂಗಸರಲ್ಲಿ 16 ಜನರಿಗೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ಲಕ್ಷಣ ಆ ಕಾಯಿಲೆಯ ಮಟ್ಟಕ್ಕಿಂತ ಕೆಳಗಿಳಿದಿತ್ತು. ಯೋಗದ ಬದಲು ಆರೋಗ್ಯದ ಪಾಠ ಕೇಳಿದ 29 ಜನರಲ್ಲಿ 6 ಮಂದಿಗೆ ಮಾತ್ರ. ಆದರೆ ಅವರೆಲ್ಲ ಜೊತೆಗೆ ಥೆರಪಿಯನ್ನೂ ತಗೊಳ್ಳುತ್ತಿದ್ದರು. ಆ ಅಧ್ಯಯನದ ಯೋಗ ಪದ್ಧತಿ ಕಲಿಸುವ ಸರ್ಟಿಫಿಕೇಟ್ ಕೋರ್ಸೇ ಈಗ 300 ಗಂಟೆಯದು. ಇದು ಬ್ರೋಷರ್‌ನಲ್ಲಿ ಇಲ್ಲ.

ಇಂಥ ಬ್ಯಾಚ್‌ಗೆ ಇಬ್ಬರು ಟೀಚರ್ ಬೇಕು, ಇಬ್ಬರಿಗೂ ಸಂಬಳ ಬೇಕು, ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ ಕೂತು ಮಾತಾಡಲು ಸಮಯ ಬೇಕು ಅಂತ ಕೇಳಿದ್ದೇನೆ. ಬಜೆಟ್ ಇಲ್ಲವಂತೆ. ಸದ್ಯಕ್ಕೆ ಅದೇ ಟೀಚರ್ ಕಲಿಸುತ್ತಾರೆ, ನಾನು ಸಂಬಳವಿಲ್ಲದೆ ಹಿಂದೆ ಕೂರುತ್ತೇನೆ.