ಆಯುಧಪೂಜೆಯ ಸ್ವೀಟ್ ಬಾಕ್ಸ್ ಸಾಲದು: ಮಷಿನ್ ಶಾಪಿನಲ್ಲಿ ಕೆಲಸವನ್ನು ಮೆಚ್ಚುವ ಬಗೆ

ಪೀಣ್ಯ, ಬೊಮ್ಮಸಂದ್ರ, ಶಿವಮೊಗ್ಗದ ಮಾಚೇನಹಳ್ಳಿ, ಬೆಳಗಾವಿಯ ಉದ್ಯಮಬಾಗ, ಎಲ್ಲೇ ಹೋದರೂ ಮೂವತ್ತು ನಲವತ್ತು ಜನ ದುಡಿಯುವ, ಲೋಹ ಕೊರೆದು ಬಿಡಿಭಾಗ ಮಾಡುವ ಮಷಿನ್ ಶಾಪುಗಳಲ್ಲಿ ಆಯುಧಪೂಜೆ ಒಂದೇ ಥರ ನಡೆಯುತ್ತದೆ. ಮಷಿನ್ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿ, ಕೈಗೊಂದು ಸ್ವೀಟ್ ಬಾಕ್ಸ್, ಒಂದು ಕವರ್. ಇದು ಇರಲೇಬೇಕು. ಆದರೆ ಎಲ್ಲರಿಗೂ ಒಂದೇ ಸಮ ಸಿಗುವುದು ಹಬ್ಬದ ಮರ್ಯಾದೆ. ಒಬ್ಬೊಬ್ಬರ ಕೆಲಸವನ್ನು ನೋಡಿ, ಗುರುತಿಸಿ, ಅವರಿಗೆ ಹೇಳುವುದಕ್ಕೆ ಬೇರೆಯೇ ಏರ್ಪಾಡು ಬೇಕು. ಸಣ್ಣ ಕಂಪನಿಗಳಲ್ಲಿ ಆ ಏರ್ಪಾಡು ಇರುವುದು ತೀರ ಅಪರೂಪ.

ಮೊದಲು ಬಾಕಿಯ ವಿಚಾರ. ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು. ಓಟಿಗೆ (ಹೆಚ್ಚುವರಿ ಹೊತ್ತಿನ ದುಡಿಮೆಗೆ) ದುಪ್ಪಟ್ಟು ದರ ಎಂಬುದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದ್ದ ನಿಯಮ. ಬೋನಸ್ಸಿನ ಲೆಕ್ಕ 1965ರ ಕಾಯ್ದೆಯಿಂದ ಬಂದದ್ದು: 20 ಅಥವಾ ಹೆಚ್ಚು ಜನರಿರುವ ಕಡೆ, ಸಂಬಳದ ಮಿತಿಯೊಳಗೆ ಬರುವ, ವರ್ಷದಲ್ಲಿ ಕನಿಷ್ಠ 30 ದಿನ ದುಡಿದವರಿಗೆ ಸಂಬಳದ ಕಡಿಮೆಯೆಂದರೆ ಶೇ. 8.33, ಹೆಚ್ಚೆಂದರೆ ಶೇ. 20. ಹನ್ನೆರಡರಲ್ಲಿ ಒಂದು ಪಾಲು ಎಂದರೆ ಶೇ. 8.33. ಮಾರ್ಚಿಗೆ ಲೆಕ್ಕ ಮುಗಿಸುವ ಕಂಪನಿಗೆ ಇದನ್ನು ಕೊಡಲು ನವೆಂಬರ್ 30ರವರೆಗೆ ಗಡುವು. ಈ ಹಣವನ್ನು ಹಬ್ಬದ ದಿನ ಕವರಿನಲ್ಲಿಟ್ಟು ‘ಮಾಲೀಕರ ಪ್ರೀತಿಯ ಕಾಣಿಕೆ’ ಎಂದು ಭಾಷಣ ಮಾಡಬಾರದು. ಕೆಲಸಗಾರರಿಗೆ ಕಾನೂನು ಚೆನ್ನಾಗಿ ಗೊತ್ತಿರುತ್ತದೆ, ಕೇಳಿ ಸುಮ್ಮನಿರುತ್ತಾರೆ ಅಷ್ಟೇ. ಕಾನೂನಿನಂತೆ ಬರಬೇಕಾದದ್ದಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಸ್ಲಿಪ್ಪಿನಲ್ಲಿ ಎರಡು ಸಾಲು ಮಾಡಿ, ಬೋನಸ್ ಇಷ್ಟು, ಅದರ ಮೇಲೆ ಕಂಪನಿ ಕೊಡುತ್ತಿರುವುದು ಇಷ್ಟು ಎಂದು ಬೇರೆಬೇರೆ ಬರೆಯಿರಿ. ಎರಡನೇ ಸಾಲಿಗೆ ಬೆಲೆ ಬರುವುದು ಆಗಲೇ. ಓಟಿ ದುಡ್ಡು ಎರಡು ತಿಂಗಳಿಂದ ಬಾಕಿ ಇರುವ ಜಾಗದಲ್ಲಿ ಮುಂದೆ ಹೇಳುವ ಯಾವುದೂ ಕೆಲಸ ಮಾಡುವುದಿಲ್ಲ.

ಇನ್ನು ಮಾತು. ‘ಎಲ್ಲರೂ ಚೆನ್ನಾಗಿ ಮಾಡ್ತಿದ್ದೀರ, ಹೀಗೇ ಮಾಡಿ’ ಎಂಬ ಮಾತು ಯಾರಿಗೂ ತಾಗುವುದಿಲ್ಲ. ಹೇಳಿದವರು ಏನನ್ನೂ ನೋಡಿಲ್ಲ ಎಂಬುದು ಅದರಲ್ಲೇ ಕಾಣುತ್ತದೆ. ಹೀಗೆ ಹೇಳಿ ನೋಡಿ: ‘ಅಣ್ಣಾ, ನಿನ್ನೆ ಸೆಕೆಂಡ್ ಶಿಫ್ಟಲ್ಲಿ ಬೋರ್ ಸೈಜು ಕಮ್ಮಿ ಆಗ್ತಾ ಬರ್ತಿದೆ ಅಂತ ನೀವೇ ನೋಡ್ಕೊಂಡು ಇನ್ಸರ್ಟ್ ಬದಲಾಯಿಸಿದ್ರಿ. ಬೆಳಿಗ್ಗೆ ಕ್ಯೂಸಿಲಿ ಅಷ್ಟೂ ಪೀಸ್ ಪಾಸಾಯ್ತು. ನಿಮಗೆ ಹೇಗೆ ಗೊತ್ತಾಯ್ತು?’ (ಬೋರ್ ಎಂದರೆ ಪೀಸಿನಲ್ಲಿ ಕೊರೆದ ತೂತು, ಇನ್ಸರ್ಟ್ ಎಂದರೆ ಕೊರೆಯುವ ಟೂಲಿನ ತುದಿ, ಕ್ಯೂಸಿ ಎಂದರೆ ಗುಣಮಟ್ಟದ ತಪಾಸಣೆ.) ಯಾವ ಕೆಲಸ, ಯಾವಾಗ, ಅದರಿಂದ ಏನಾಯಿತು, ಮೂರೂ ಇದರಲ್ಲಿವೆ. ಎಲ್ಲಕ್ಕಿಂತ ಮುಖ್ಯ ಕೊನೆಯ ಪ್ರಶ್ನೆ. ಚಿಪ್ಸಿನ (ಕತ್ತರಿಸಿ ಬಿದ್ದ ಲೋಹದ ಸಿಪ್ಪೆಯ) ಬಣ್ಣ ನೋಡಿಯೋ, ಕಟಿಂಗ್ ಸದ್ದು ಬದಲಾದದ್ದು ಕೇಳಿಯೋ ಅವರು ಕಂಡುಹಿಡಿದಿರುತ್ತಾರೆ. ಅದನ್ನು ಸೆಟಪ್ ಶೀಟಿನಲ್ಲಿ (ಮಷಿನ್ ಸಜ್ಜುಮಾಡುವ ಸೂಚನೆಯ ಹಾಳೆಯಲ್ಲಿ) ಅವರ ಹೆಸರಿನ ಸಮೇತ ಬರೆಯಿಸಿ: ‘ಇಷ್ಟು ಪೀಸಿಗೊಮ್ಮೆ ಬೋರ್ ಗೇಜ್ ಹಾಕಿ ನೋಡುವುದು’. ಹತ್ತು ವರ್ಷ ಮಷಿನ್ ಮುಂದೆ ನಿಂತವರ ತಿಳಿವಳಿಕೆ ಕಂಪನಿಯ ಕಾಗದದ ಮೇಲೆ ಅವರ ಹೆಸರಲ್ಲಿ ಬರುವುದಕ್ಕಿಂತ ದೊಡ್ಡ ಗೌರವ ಶಾಪ್ ಫ್ಲೋರಿನಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಈ ಮಾತನ್ನು ಅದೇ ದಿನ, ತಪ್ಪಿದರೆ ಮರುದಿನ ಶಿಫ್ಟ್ ಶುರುವಾಗುವಾಗ, ಮಷಿನ್ ಹತ್ತಿರವೇ ಹೋಗಿ ಹೇಳಬೇಕು. ಕ್ಯಾಬಿನ್ನಿಗೆ ಕರೆಸಿದರೆ ಬರುವವರು ಬೈಗುಳಕ್ಕೆ ತಯಾರಾಗಿ ಬರುತ್ತಾರೆ. ಹೊಗಳಿದ ಮೇಲೆ ‘ಆದರೆ’ ಅಂತ ಶುರು ಮಾಡಬೇಡಿ. ತಿದ್ದುವುದಿದ್ದರೆ ಇನ್ನೊಂದು ಹೊತ್ತಿಗೆ ತಿದ್ದಿ. ಎಲ್ಲರೆದುರು ಚಪ್ಪಾಳೆ ಹೊಡೆಸಿದರೆ ಮುದುಡಿ ಹೋಗುವವರೂ ಇದ್ದಾರೆ. ಅವರಿಗೆ ಒಬ್ಬರೇ ಇದ್ದಾಗ ಹೇಳಿದರೆ ಸಾಕು.

ನೋಡದೆ ಹೇಳಲಾಗದು, ಬರೆಯದಿದ್ದರೆ ನೆನಪಿರದು. ಸೂಪರ್‌ವೈಸರ್ ಜೇಬಿನಲ್ಲಿ ಒಂದು ಪಾಕೆಟ್ ಡೈರಿ ಇರಲಿ. ದಿನಕ್ಕೆ ಒಂದೇ ಸಾಲು: ತಾರೀಖು, ಹೆಸರು, ಮಾಡಿದ ಕೆಲಸ. ಹದಿನೈದು ದಿನಕ್ಕೊಮ್ಮೆ ಮಸ್ಟರ್ ರೋಲ್ ಪಕ್ಕದಲ್ಲಿಟ್ಟು, ಯಾರ ಹೆಸರು ಒಮ್ಮೆಯೂ ಬಂದಿಲ್ಲ ಎಂದು ಹುಡುಕಿ. ಸಿಗುವುದು ಹೆಚ್ಚಾಗಿ ಅದೇ ಗುಂಪು: ನೈಟ್ ಶಿಫ್ಟಿನವರು, ಮೇಂಟೆನೆನ್ಸ್‌ನವರು, ಟೂಲ್ ರೂಮಿನವರು, ಬರ್ (ಪೀಸಿನ ಅಂಚಿನಲ್ಲಿ ಉಳಿಯುವ ಲೋಹದ ಮುಳ್ಳು) ತೆಗೆಯುವ ಹೆಣ್ಣುಮಕ್ಕಳು, ಚಿಪ್ಸ್ ಬಾಚುವವರು. ಇವರು ಚೆನ್ನಾಗಿ ಕೆಲಸ ಮಾಡಿದರೆ ಏನೂ ಆಗುವುದಿಲ್ಲ, ಹಾಗಾಗಿ ಕಣ್ಣಿಗೂ ಬೀಳುವುದಿಲ್ಲ. ಮೇಂಟೆನೆನ್ಸ್ ಕೆಲಸ ಕಾಣಬೇಕಾದರೆ ಬ್ರೇಕ್‌ಡೌನ್ ರಿಜಿಸ್ಟರ್ ತೆಗೆದು ಮೂರು ತಿಂಗಳಲ್ಲಿ ಮಷಿನ್ ನಿಂತ ಗಂಟೆಗಳನ್ನು ಹಿಂದಿನ ಮೂರು ತಿಂಗಳ ಜತೆ ಹೋಲಿಸಬೇಕು. ಬರ್ ತೆಗೆಯುವವರದ್ದು ಗಿರಾಕಿಯ ದೂರಿನ ಪಟ್ಟಿಯಲ್ಲಿ ಕಾಣುತ್ತದೆ: ಬರ್ ಬಗ್ಗೆ ದೂರೇ ಇಲ್ಲದ ತಿಂಗಳು ಅವರ ತಿಂಗಳು. ನೈಟ್ ಶಿಫ್ಟಿಗಾದರೆ ಮಾಲೀಕರೇ ಆಗಾಗ ಬೆಳಗಿನ ಐದೂವರೆಗೆ ಬಂದು, ರಾತ್ರಿಯ ಪೀಸುಗಳನ್ನು ಕೈಯಲ್ಲಿ ಹಿಡಿದು ನೋಡಿ, ಅವರ ಜತೆ ಟೀ ಕುಡಿದು ಹೋಗಬೇಕು. ಹತ್ತು ಗಂಟೆಗೆ ಬರುವವರಿಗೆ ಆ ಜನ ಸಿಗುವುದೇ ಇಲ್ಲ.

‘ತಿಂಗಳ ಉತ್ತಮ ಕೆಲಸಗಾರ’ ಬೋರ್ಡನ್ನು ಮೂವತ್ತು ಜನರ ಶಾಪಿನಲ್ಲಿ ಹಾಕಬೇಡಿ ಎಂದೇ ಹೇಳುತ್ತೇನೆ. ಮೊದಮೊದಲು ನಿಜವಾಗಿ ಆರಿಸುತ್ತಾರೆ, ಆಮೇಲೆ ಸರದಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಒಬ್ಬರ ಫೋಟೋ ಹಾಕಿದರೆ ಹಿಂದಿನ ರಾತ್ರಿ ಜಾ (ಪೀಸು ಹಿಡಿಯುವ ದವಡೆ) ಬೋರ್ ಮಾಡಿ, ಆಫ್‌ಸೆಟ್ (ಟೂಲಿನ ಅಳತೆಯ ಹೊಂದಾಣಿಕೆ) ಸರಿಮಾಡಿಟ್ಟು ಹೋದ ಸೆಟ್ಟರ್ ಕಣ್ಮರೆಯಾಗುತ್ತಾರೆ. ಕಡಿಮೆ ರಿಜೆಕ್ಷನ್ನಿಗೆ ನಗದು ಬಹುಮಾನ ಇನ್ನೂ ಅಪಾಯ: ಕೆಟ್ಟ ಪೀಸು ಸ್ಕ್ರಾಪ್ ಬಿನ್ನಿಗೆ ಬೀಳದೆ ಒಳ್ಳೆಯ ಲಾಟಿನೊಳಗೆ ಸೇರಿಕೊಂಡು ಗಿರಾಕಿಯ ಹತ್ತಿರ ಸಿಕ್ಕಿಬೀಳುತ್ತದೆ. ‘ಸಾರ್, ಐದು ಪೀಸ್ ಹೋಯ್ತು’ ಎಂದು ತಾನಾಗಿ ಬಂದು ಹೇಳಿದವರಿಗೆ ಮೊದಲು ಥ್ಯಾಂಕ್ಸ್ ಹೇಳಿ, ಕಾರಣ ಆಮೇಲೆ ಕೇಳಿ.

ದುಡ್ಡು ಕೊಡಬೇಕಾದ ಸರಿಯಾದ ಜಾಗ ಸಲಹೆಗಳದ್ದು. ಒಬ್ಬ ಆಪರೇಟರ್ ಫಿಕ್ಸ್ಚರಿನ (ಪೀಸನ್ನು ಹಿಡಿದಿಡುವ ಸಾಧನದ) ಕ್ಲಾಂಪ್ ಬದಲಿಸಿ ಒಂದು ಪೀಸಿನ ಸೈಕಲ್ ಟೈಮನ್ನು 14 ನಿಮಿಷದಿಂದ 12.5ಕ್ಕೆ ಇಳಿಸಿದರು ಅಂದುಕೊಳ್ಳಿ. ಶಿಫ್ಟಿಗೆ 30 ಪೀಸಾದರೆ 45 ನಿಮಿಷ ಉಳಿಯಿತು. ಮಷಿನ್ ದರ ಗಂಟೆಗೆ 400 ರೂಪಾಯಿ ಹಿಡಿದರೆ ಶಿಫ್ಟಿಗೆ 300, ತಿಂಗಳ 50 ಶಿಫ್ಟಿಗೆ 15,000. ಒಂದು ತಿಂಗಳ ಉಳಿತಾಯವನ್ನು ಪೂರ್ತಿ ಅವರಿಗೇ ಕೊಟ್ಟುಬಿಡಿ, ಕ್ಲಾಂಪ್ ಮಾಡಿಕೊಟ್ಟ ಟೂಲ್ ರೂಮಿನವರಿಗೂ ಪಾಲಿರಲಿ, ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿ. ಸಂಬಳದ ಜತೆ ಸ್ಲಿಪ್ಪಿನಲ್ಲೇ ಬರಲಿ. ನಗದಾದರೂ ಅದು ಸಂಬಳದ ಲೆಕ್ಕಕ್ಕೇ ಸೇರುತ್ತದೆ. ಇಲ್ಲಿ ಎಲ್ಲರೂ ಎಡವುವುದು ಮರುದಿನವೇ ಟಾರ್ಗೆಟ್ ಏರಿಸುವುದರಲ್ಲಿ. ಹಾಗೆ ಮಾಡಿದರೆ ಅದೇ ಆ ಶಾಪಿನ ಕೊನೆಯ ಸಲಹೆ. ಮೂರು ತಿಂಗಳು ಹಳೆಯ ಟಾರ್ಗೆಟ್ಟೇ ಇರುತ್ತದೆ ಎಂದು ಮೊದಲೇ ಬರೆದುಕೊಡಿ. ಒಪ್ಪದ ಸಲಹೆಗೂ ವಾರದೊಳಗೆ ಕಾರಣ ಹೇಳಿ.

ರಜೆ ಕೊಡುವ ರೀತಿಯಲ್ಲೂ ಮೆಚ್ಚುಗೆ ಇದೆ. ಒಡಿಶಾ, ಬಿಹಾರದಿಂದ ಬಂದವರು ಊರಿಗೆ ಹೋಗಬೇಕಾದರೆ ರೈಲಿನ ರಿಸರ್ವೇಶನ್ ಬೇಕು. 2024ರ ನವೆಂಬರಿನಿಂದ ಅದು 60 ದಿನ ಮುಂಚೆ ತೆರೆಯುತ್ತದೆ. ರಜೆಯನ್ನು 65 ದಿನ ಮೊದಲೇ ಕಾಗದದ ಮೇಲೆ ಮಂಜೂರು ಮಾಡಿಕೊಟ್ಟರೆ ಅವರು ಬರ್ತಿನಲ್ಲಿ ಮಲಗಿ ಹೋಗುತ್ತಾರೆ. ಹಿಂದಿನ ವಾರ ‘ಹೋಗಿ ಬಾ’ ಎಂದರೆ ಎರಡು ರಾತ್ರಿ ಜನರಲ್ ಬೋಗಿಯಲ್ಲಿ ನಿಂತು ಹೋಗಬೇಕು. ಕಂಪನಿಗೆ ಎರಡಕ್ಕೂ ಖರ್ಚು ಒಂದೇ.

ಸ್ವೀಟ್ ಬಾಕ್ಸಿನ ಬಗ್ಗೆ ಒಂದೇ ಮಾತು: ಎಣಿಕೆಯನ್ನು ಸಂಬಳದ ಪಟ್ಟಿಯಿಂದ ಮಾಡಬೇಡಿ, ಗೇಟಿನ ಹಾಜರಿಯಿಂದ ಮಾಡಿ. ಕಾಂಟ್ರಾಕ್ಟಿನವರು, ಸೆಕ್ಯುರಿಟಿ, ಅಡುಗೆಯವರು, ಗುಡಿಸುವ ಅಮ್ಮ ಎಲ್ಲರಿಗೂ ಅದೇ ಅಂಗಡಿಯ ಅದೇ ತೂಕದ ಬಾಕ್ಸ್. ಪರ್ಮನೆಂಟಿಗೆ ಒಂದು ಕೆಜಿ, ಕಾಂಟ್ರಾಕ್ಟಿಗೆ ಅರ್ಧ ಕೆಜಿ ಕೊಟ್ಟರೆ ಕೊಡದಿದ್ದುದಕ್ಕಿಂತ ಹೆಚ್ಚು ನೋಯುತ್ತದೆ.

ಕೆಲಸ ಕಲಿತವರನ್ನು ಜಿಟಿಟಿಸಿಯಂಥ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಂಥ) ಕಡೆ ಚಿಕ್ಕ ಕೋರ್ಸಿಗೆ ಕಳಿಸಿ; ಫೀಸು ಕಂಪನಿಯದು, ಆ ದಿನಗಳಿಗೆ ಹಾಜರಿಯೂ ಇರಲಿ. ಕಲಿತು ಬಿಟ್ಟುಹೋದರೆ ಎಂಬ ಭಯ ಎಲ್ಲ ಮಾಲೀಕರಿಗೂ ಇದೆ. ಕೆಲವರು ಹೋಗುತ್ತಾರೆ. ಹೋಗುವವರಿಗೆ ‘ಇವರ ನಡತೆ ಚೆನ್ನಾಗಿತ್ತು’ ಎಂಬ ಎರಡು ಸಾಲಿನ ಸರ್ಟಿಫಿಕೇಟ್ ಕೊಡಬೇಡಿ. ಯಾವ ಮಷಿನ್, ಯಾವ ಕಂಟ್ರೋಲರ್, ಯಾವ ಮೆಟೀರಿಯಲ್, ಎಷ್ಟು ಮೈಕ್ರಾನ್ ಟಾಲರೆನ್ಸ್, ಪ್ರೋಗ್ರಾಂ ತಾವೇ ಬರೆಯುತ್ತಿದ್ದರೇ, ಯಾವ ಸಲಹೆ ಜಾರಿಗೆ ಬಂತು, ಎಲ್ಲವನ್ನೂ ಡೈರಿ ನೋಡಿ ಬರೆದು, ಲೆಟರ್‌ಹೆಡ್ಡಿನಲ್ಲಿ ಸಹಿ ಹಾಕಿ, ಕೊನೆಯ ಸಂಬಳದ ಜತೆಯಲ್ಲೇ ಕೊಡಿ.