ಎಣಿಕೆ ಶುರುವಾಗೋದು ಕೊನೆಯ ಕರೆಂಟಿನಿಂದ

ವಿಜಯಪುರ, ಕಲಬುರಗಿ ಕಡೆಯಿಂದ ಮುಂಬೈಗೆ ಬರುವ ಕ್ಯಾನ್ಸರ್ ರೋಗಿಗಳ ಫೈಲು ನಮ್ಮ ಒಪಿಡಿಯಲ್ಲಿ ಕನ್ನಡ ಬಲ್ಲ ನರ್ಸುಗಳ ಮೇಜಿಗೇ ಬಂದು ಬೀಳುತ್ತದೆ. ಮೊನ್ನೆ ಇಂಡಿ ತಾಲೂಕಿನ ಕಾಕಾ ಒಬ್ಬರನ್ನು ಅವರ ತಮ್ಮನ ಮಗ ಕರೆದುಕೊಂಡು ಬಂದಿದ್ದ. ಗುದನಾಳದ ಗಡ್ಡೆ, ಟಿ3 (ಗೋಡೆಯ ಸ್ನಾಯು ದಾಟಿದ್ದು), ಸಿಆರ್‌ಎಂ (ಆಪರೇಷನ್ನಿನಲ್ಲಿ ಕತ್ತರಿಸುವ ಸುತ್ತಂಚು) ಹತ್ತಿರ, 28 ಫ್ರಾಕ್ಷನ್, ಅಂದರೆ ಊರವರು ‘ಕರೆಂಟು’ ಅನ್ನುವ ರೇಡಿಯೇಷನ್ನಿನ 28 ಕಂತು, ಆಗಿದೆ. ಫೈಲಿನಲ್ಲಿ ‘ರಿವ್ಯೂ 8 ವಾರ’ ಅಂತಷ್ಟೇ ಇತ್ತು, ಆಪರೇಷನ್ನಿಗೆ ಆ ಎಂಟು ವಾರ ಯಾವ ದಿನದಿಂದ ಎಣಿಸಬೇಕೆಂದು ಇರಲಿಲ್ಲ. ಹುಡುಗ ಅಂದ:

“ಎಂಟು ವಾರ ಆತಲ್ರಿ ಸಿಸ್ಟರ್. ನೀವು ತಾರೀಖು ಕೊಡಂಗಿಲ್ಲಂದ್ರ ಊರಾಗಿನ ನರ್ಸಿಂಗ್ ಹೋಮ್‌ನವ್ರು ಸೋಮವಾರನ ಮಾಡ್ತೀವಿ ಅಂದಾರ.”

ರೇಡಿಯೇಷನ್ ಕಾರ್ಡ್ ತೆಗೆಸಿ ನೋಡಿದರೆ ಅವರು ಎಣಿಸಿದ್ದು ಮೊದಲ ಕರೆಂಟಿನ ದಿನದಿಂದ. ವಾರಕ್ಕೆ ಐದರಂತೆ 28 ಮುಗಿಯಲು ಐದೂವರೆ ವಾರ ಬೇಕು. ಅಂದರೆ ಕೊನೆಯ ಕರೆಂಟು ಮುಗಿದು ಆಗಿದ್ದು ಬರೀ ಎರಡೂವರೆ ವಾರ. ಹುಡುಗನ ಮೊಬೈಲಿನಲ್ಲೇ ಕ್ಯಾಲೆಂಡರ್ ತೆರೆದು, ಕಾರ್ಡಿನ ಕೊನೆಯ ಸಹಿಯಿಂದ ಒಂದೊಂದೇ ವಾರ ಎಣಿಸಿ ತೋರಿಸಿದೆವು. ಅವನು ಮರುಮಾತಾಡಲಿಲ್ಲ, ಆದರೆ ಕಾಕಾ ಕೇಳಿದರು: “ಸುಮ್ನ ಕುಂತ್ರ ಗಡ್ಡಿ ಬೆಳಿಯಂಗಿಲ್ಲೇನ?”

ಕೇಳಲೇಬೇಕಾದ ಪ್ರಶ್ನೆ. ಕರೆಂಟು ತಗುಲಿದ ಜೀವಕೋಶ ಆ ಕ್ಷಣಕ್ಕೇ ಸಾಯುವುದಿಲ್ಲ, ಬಹುಪಾಲು ಸಾಯುವುದು ಮುಂದೆ ಒಡೆದು ಎರಡಾಗಲು ಹೋದಾಗ. ಹಾಗಾಗಿ ಯಂತ್ರ ನಿಂತ ಮೇಲೂ ವಾರಗಟ್ಟಲೆ ಗಡ್ಡೆ ಕುಗ್ಗುತ್ತಲೇ ಇರುತ್ತದೆ. ಎರಡೂವರೆ ವಾರಕ್ಕೆ ಎಂಆರ್‌ಐ ಮಾಡಿಸಿದರೆ ಕಾಣುವುದು ಊತ, ಗಡ್ಡೆ ಸಿಆರ್‌ಎಂನಿಂದ ಸರಿದಿದೆಯೇ ಎಂದು ಹೇಳಲಾಗದು. ಸಾಮಾನ್ಯವಾಗಿ ಆರು ವಾರದ ಹೊತ್ತಿಗೆ ಎಂಆರ್‌ಐ, ಎಂಟರ ಆಸುಪಾಸಿಗೆ ಆಪರೇಷನ್. ಹಾಗಂತ ಎಳೆಯುತ್ತಲೇ ಹೋದರೂ ಲಾಭವಿಲ್ಲ. ಫ್ರಾನ್ಸಿನ ಗ್ರೆಕಾರ್-6 ಪ್ರಯೋಗದಲ್ಲಿ ಏಳು ವಾರದ ಬದಲು ಹನ್ನೊಂದಕ್ಕೆ ಮಾಡಿದಾಗ ಗಡ್ಡೆ ಪೂರ್ತಿ ಕರಗಿದವರ ಪ್ರಮಾಣ ಏರಲಿಲ್ಲ, ತೊಂದರೆಗಳು ಮಾತ್ರ ಏರಿದವು. ಕರೆಂಟು ತಗುಲಿದ ಪದರ ನಾರಾಗುತ್ತಾ ಹೋಗುತ್ತದೆ. ಆಮೇಲೆ ಮೀಸೋರೆಕ್ಟಮ್ಮನ್ನು (ಗುದನಾಳವನ್ನು ಸುತ್ತಿರುವ ಕೊಬ್ಬಿನ ಪದರ) ಹರಿಯದೆ ಬಿಡಿಸಿ ತೆಗೆಯುವುದು ಎಂಥ ಸರ್ಜನ್‌ಗೂ ಕಷ್ಟವೇ.

ಶಾರ್ಟ್ ಕೋರ್ಸ್‌ನ ಲೆಕ್ಕ ಬೇರೆ. ಐದು ದಿನ, ದಿನಕ್ಕೆ 5 ಗ್ರೇ (ಕರೆಂಟಿನ ಅಳತೆ). ಅದಾದ ಮೇಲೆ ಒಂದೋ ವಾರದೊಳಗೆ ಮಾಡಬೇಕು, ಇಲ್ಲವೇ ನಾಲ್ಕರಿಂದ ಎಂಟು ವಾರ ತಡೆಯಬೇಕು. ನಡುವಿನ ಎರಡನೇ, ಮೂರನೇ ವಾರಕ್ಕೆ ಆಪರೇಷನ್ ಥಿಯೇಟರ್ ಲಿಸ್ಟ್ ಖಾಲಿಯಿದೆ ಎಂದು ತುರುಕುವುದು ತಪ್ಪು. ಸ್ವೀಡನ್ನಿನ ಸ್ಟಾಕ್‌ಹೋಮ್-3 ಪ್ರಯೋಗದಲ್ಲಿ ತಡೆದು ಮಾಡಿದವರಿಗೆ ಆಪರೇಷನ್ ನಂತರದ ತೊಂದರೆ ಕಡಿಮೆಯಾಯಿತು, ಕ್ಯಾನ್ಸರ್ ಮರಳಿದ ಪ್ರಮಾಣ ಹೆಚ್ಚಲಿಲ್ಲ. ಟಿಎನ್‌ಟಿ (ಆಪರೇಷನ್ನಿಗೆ ಮೊದಲೇ ಕರೆಂಟು, ಕೀಮೋ ಎರಡೂ) ಆಗಿ, ಕೀಮೋ ಕರೆಂಟಿನ ನಂತರ ಬಂದಿದ್ದರೆ ಎಣಿಕೆ ಕೊನೆಯ ಕೀಮೋದಿಂದ.

ಈ ವಾರಗಳು ಬಿಡುವಿನ ವಾರಗಳಲ್ಲ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಡ್ರಿಪ್‌ನಲ್ಲಿ ಕಬ್ಬಿಣಾಂಶ ಕೊಡಿಸಲು ಸಮಯ ಇದೇ, ಆಪರೇಷನ್ನಿನ ಹಿಂದಿನ ದಿನ ರಕ್ತ ಏರಿಸುವುದಕ್ಕಿಂತ ಅದು ಎಷ್ಟೋ ಮೇಲು. ಬೀಡಿ, ತಂಬಾಕು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಬೇಕು. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) ಇಳಿದು ತೋರಲು ಎರಡು-ಮೂರು ತಿಂಗಳು ಹಿಡಿಯುವುದರಿಂದ ದಿನದ ಶುಗರ್ ಬರೆದಿಟ್ಟ ಚೀಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ನಿಲ್ಲಿಸುವ ಬಗ್ಗೆ ಹೃದಯದ ಡಾಕ್ಟರಿಂದ ಪತ್ರ ತರಬೇಕು, ತಾವೇ ನಿಲ್ಲಿಸಬಾರದು. ಊರಲ್ಲಿ ಗಂಜಿ ಕುಡಿಸಿ ಮಲಗಿಸಿಬಿಡುತ್ತಾರೆ. ಅದು ಬೇಡ. ಮೊಟ್ಟೆ, ಬೇಳೆ, ಮೊಸರು ಕೊಡಿ, ದಿನಾ ನಡೆಸಿ.

ಮಲದಲ್ಲಿ ರಕ್ತ ಹೋಗುವುದು ನಿಂತು ಹಸಿವು ಮರಳಿದ್ದೇ ಗುಣವಾಯಿತೆಂದು ಬಾರದೇ ಉಳಿಯುವವರೂ ಇದ್ದಾರೆ. ಅದೇ ಹೆಚ್ಚು ಹೆದರಿಸುವುದು. ಪೂರ್ತಿ ಕರಗಿದೆ ಎನ್ನಬೇಕಾದರೆ ಬೆರಳಿನ ಪರೀಕ್ಷೆ, ಸ್ಕೋಪಿ, ಎಂಆರ್‌ಐ ಮೂರೂ ಹೌದೆನ್ನಬೇಕು. ಆಮೇಲೂ ವಾಚ್ ಆಂಡ್ ವೇಟ್ (ಆಪರೇಷನ್ ಮಾಡದೆ ಕಣ್ಣಿಟ್ಟು ಕಾಯುವುದು) ಎಂದರೆ ಮೊದಲೆರಡು ವರ್ಷ ಸರಿಸುಮಾರು ಮೂರು ತಿಂಗಳಿಗೊಮ್ಮೆ ಬರಲೇಬೇಕು.

ಇಷ್ಟೂ ಗುದನಾಳದ ಮಾತು. ಮೇಲಿನ ದೊಡ್ಡ ಕರುಳಿನ ಗಡ್ಡೆಗೆ ಸಾಮಾನ್ಯವಾಗಿ ಕರೆಂಟಿಲ್ಲ, ಎಂಟು ವಾರವೂ ಇಲ್ಲ. ಸ್ಟೇಜಿಂಗ್ (ರೋಗ ಎಷ್ಟು ಹರಡಿದೆ ಎಂಬ ತಪಾಸಣೆ), ಅನಸ್ತೇಷಿಯಾ ಫಿಟ್‌ನೆಸ್ ಮುಗಿದರೆ ನಾಲ್ಕು ವಾರದೊಳಗೆ ಮಾಡಿಸಲು ಪಟ್ಟು ಹಿಡಿಯಿರಿ.

ನಮ್ಮ ಡಿಸ್ಚಾರ್ಜ್ ಸಾಫ್ಟ್‌ವೇರ್‌ನಲ್ಲಿ ಕೊನೆಯ ಫ್ರಾಕ್ಷನ್ ತಾರೀಖಿಗೆ ಕಾಲಮ್ಮೇ ಇಲ್ಲ. ಕೇಳಿದಾಗಲೆಲ್ಲ ‘ಮುಂದಿನ ಅಪ್‌ಡೇಟ್’ ಅನ್ನುತ್ತಾರೆ. ಅಲ್ಲಿಯವರೆಗೆ ಫೈಲಿನ ಹೊರಗೇ ಸ್ಕೆಚ್ ಪೆನ್ನಿನಲ್ಲಿ ಮೂರು ತಾರೀಖು ಬರೆಯುತ್ತೇವೆ: ಕೊನೆಯ ಕರೆಂಟು, ಎಂಆರ್‌ಐ, ಎಂಡಿಟಿ (ಎಲ್ಲ ವಿಭಾಗದ ಡಾಕ್ಟರರು ಕೂಡಿ ತೀರ್ಮಾನಿಸುವ ಸಭೆ). ವಾರದ ಅಂಕಿ ಬರೆಯುವುದೇ ಇಲ್ಲ.

ಅದರ ಕೆಳಗೆ ಇನ್ನೊಂದು ಸಾಲು ಇರುತ್ತದೆ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಶುರುವಾದರೆ ತಾರೀಖು ನೋಡಬೇಡಿ, ಮುಂಬೈ ರೈಲಿಗೂ ಕಾಯಬೇಡಿ. ಸರ್ಜನ್ ಇರುವ ಹತ್ತಿರದ ಆಸ್ಪತ್ರೆಗೆ ಆಗಲೇ ಹೋಗಿ, ಈ ಫೈಲು ತೋರಿಸಿ. ಅಲ್ಲಿ ಸಾಮಾನ್ಯವಾಗಿ ಬೇಕಾಗುವುದು ಮಲ ಹೊರಹೋಗಲು ಒಂದು ಲೂಪ್ ಸ್ಟೋಮಾ (ಕರುಳಿನ ಸುರುಳಿಯನ್ನು ಹೊಟ್ಟೆಯ ಮೇಲೆ ತೆರೆದ ದಾರಿ) ಮಾತ್ರ. ಗಡ್ಡೆಯನ್ನು ಮುಟ್ಟುವ ಮೊದಲು ನಮಗೊಂದು ಫೋನ್ ಮಾಡಿಸಿ.